ಬೂತಾಯಿ ಭಟ್ಟಳ ಬಾಣಂತನ

ನಮ್ಮದು ಮೀನು ತಿನ್ನದ ಮನೆ. ನಮ್ಮ ಬೆಕ್ಕಿನ ಹೆಸರು ಬೂತಾಯಿ. ಈ ಹೆಸರಿಟ್ಟವರು ನಾವಲ್ಲ. ಮರಿಯಾಗಿದ್ದಾಗ ಅವಳು ಪಕ್ಕದ ಮನೆಯ ಬಾಯಮ್ಮ ತೊಳೆದಿಟ್ಟ ಬೂತಾಯಿ ಮೀನೊಂದನ್ನು ಕಚ್ಚಿಕೊಂಡು ಕಾಂಪೌಂಡ್ ಹಾರಿ ನಮ್ಮಲ್ಲಿಗೆ ಬಂದವಳು. ಹಿಂದಿನಿಂದ ಬಾಯಮ್ಮ "ಬೂತಾಯಿ, ಬೂತಾಯಿ" ಎಂದು ಕೂಗುತ್ತಾ ಬಂದರು. ಅದೇ ಉಳಿಯಿತು. ಅಜ್ಜಿ "ಗೌರಿ" ಎಂದು ಕರೆದು ನೋಡಿದರು, ಕಿವಿಯೂ ಅಲ್ಲಾಡಲಿಲ್ಲ. ರಸ್ತೆಯಲ್ಲಿ ಮೀನಿನವರು "ಬೂತಾಯಿ, ಬಂಗುಡೆ" ಎಂದರೆ ಮಾತ್ರ ಎಲ್ಲಿದ್ದರೂ ಗೇಟಿಗೆ ಹಾಜರು.

ಮರಿಯಾಗದ ಹಾಗೆ ಆಪರೇಷನ್ ಮಾಡಿಸಲು ಜುಲೈಯಲ್ಲಿ ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಅಲ್ಲಿ ಪ್ರಾಣಿಗಳಿಗೂ ಮನೆಯವರ ಸರ್‌ನೇಮ್ ಸೇರಿಸಿ ಫೈಲ್ ಮಾಡುತ್ತಾರೆ. "ಬೂತಾಯಿ ಭಟ್ ಯಾರು? ಒಳಗೆ ಬನ್ನಿ" ಎಂದು ನರ್ಸ್ ಕೂಗಿದಾಗ, ಕೂತಿದ್ದ ಅಷ್ಟೂ ಜನ ತಲೆ ಎತ್ತಿದರು. ಅಪ್ಪ ಮಾತ್ರ ಗೋಡೆಯ ಮೇಲಿದ್ದ ಜಂತುಹುಳದ ಪೋಸ್ಟರನ್ನು ತುಂಬಾ ಆಸಕ್ತಿಯಿಂದ ಓದುತ್ತಿದ್ದರು.

ಅಜ್ಜಿಗೆ ಈ ಆಪರೇಷನ್ನೇ ಸರಿ ಬಂದಿರಲಿಲ್ಲ. ಒಂದು ಹೆರಿಗೆಯಾದರೂ ಆಗಲಿ, ಆಮೇಲೆ ಮಾಡಿಸಿ ಎಂದು ಅವರ ವಾದ. ಹಾಗೇನೂ ಬೇಕಾಗಿಲ್ಲ ಎಂದರು ಡಾಕ್ಟರು. ಬೆಕ್ಕು ನಾಲ್ಕೈದು ತಿಂಗಳಿಗೇ ಗರ್ಭ ಧರಿಸಬಹುದು, ಒಂಬತ್ತು ವಾರದಲ್ಲಿ ಮರಿ ಹಾಕುತ್ತದೆ, ಬೇಗ ಮಾಡಿಸಿದರೆ ಮುಂದೆ ಮೊಲೆಯ ಗಡ್ಡೆಯ ಭಯವೂ ಕಡಿಮೆ. ಅಜ್ಜಿ ಸುಮ್ಮನಾದರು. ಒಪ್ಪಿದ್ದಾರೆ ಅಂತ ನಾವು ತಿಳಿದುಕೊಂಡೆವು.

ಬಾಣಂತನ ಬೇಡ ಎಂದೇ ಆಪರೇಷನ್ ಮಾಡಿಸಿದ್ದು ಅಲ್ವಾ? ಆದರೆ ಹೊಟ್ಟೆಯಲ್ಲಿ ಹೊಲಿಗೆ ಇರುವ ಹೆಣ್ಣೊಂದು ಮನೆಗೆ ಬಂದರೆ ಅಜ್ಜಿಗೆ ಗೊತ್ತಿರುವ ಕ್ರಮ ಒಂದೇ. ಮೂಲೆಯ ಕೋಣೆ ಖಾಲಿಯಾಯಿತು. ಕಿಟಕಿ ಮುಚ್ಚಿತು. ಅಜ್ಜಿಯ ಹಳೆಯ ಹತ್ತಿ ಸೀರೆ ಹಾಸಿಗೆಯಾಯಿತು. ಅರಿವಳಿಕೆಯಿಂದ ಮೈ ತಣ್ಣಗಾಗುತ್ತದೆ, ಬೆಚ್ಚಗಿಡಿ ಎಂದು ಡಾಕ್ಟರೂ ಹೇಳಿದ್ದರು. ಆ ಒಂದು ಮಾತು ಹೊಂದಿದ್ದೇ ತಡ, ಉಳಿದ ಎಲ್ಲದರಲ್ಲೂ ತನ್ನದೇ ಸರಿ ಎಂದು ಅಜ್ಜಿ ತೀರ್ಮಾನಿಸಿದರು. ಎಣ್ಣೆ ಹಚ್ಚಿ ಬಿಸಿನೀರು ಹೊಯ್ಯಬೇಕು. ಗಾಯಕ್ಕೆ ತೆಂಗಿನೆಣ್ಣೆ, ಅರಿಶಿನ. ಊಟಕ್ಕೆ ಬೆಳ್ಳುಳ್ಳಿ. ಗಾಯ ಒದ್ದೆಯಾಗಬಾರದು, ಏನು ಹಚ್ಚಿದರೂ ನೆಕ್ಕುತ್ತಾಳೆ, ಬೆಳ್ಳುಳ್ಳಿ ಬೆಕ್ಕಿನ ರಕ್ತವನ್ನೇ ಕೆಡಿಸುತ್ತದೆ ಎಂದು ನಾನು ಒಂದೊಂದಾಗಿ ಹೇಳಿದೆ. "ನಾಲ್ಕು ಹೆತ್ತದ್ದು ನಾನಾ, ನೀನಾ?" ಎಂದು ಕೇಳಿದರು. ಅದಕ್ಕೆ ಉತ್ತರ ಇಲ್ಲ.

ರಾತ್ರಿ ಕಿವಿ ಮುಟ್ಟಿ ನೋಡಿ "ಜ್ವರ ಉಂಟು" ಎಂದರು. ಬೆಕ್ಕಿನ ಮೈ ಬಿಸಿಯೇ ಸುಮಾರು 38ರಿಂದ 39 ಡಿಗ್ರಿ, ನಮ್ಮ ಕೈಗೆ ಯಾವಾಗಲೂ ಜ್ವರವೇ. ಅಷ್ಟರಲ್ಲಿ ಅಪ್ಪ ತಮ್ಮ ಪ್ಯಾರಾಸಿಟಮಾಲ್ ಅರ್ಧ ಮಾಡಿಕೊಂಡು ಬಂದು ನಿಂತಿದ್ದರು. ಇದನ್ನು ಮಾತ್ರ ನಗಾಡಿಕೊಂಡು ಹೇಳಲಾರೆ. ಬೆಕ್ಕಿನ ಲಿವರಿಗೆ ಆ ಮದ್ದನ್ನು ಕರಗಿಸಿ ಹೊರಹಾಕುವ ಶಕ್ತಿ ಇಲ್ಲ. ಒಂದು ಮಾತ್ರೆ ಜೀವ ತೆಗೆದೀತು. ಮಾತ್ರೆಯ ಡಬ್ಬಿ ಅವತ್ತೇ ಅಟ್ಟಕ್ಕೆ ಹೋಯಿತು. ಆಮೇಲೆ ಅಪ್ಪನಿಗೆ ತಲೆನೋವು ಬಂದಾಗಲೆಲ್ಲ ಏಣಿ ಹತ್ತಬೇಕಾಯಿತು.

ಹೊಲಿಗೆ ನೆಕ್ಕದಿರಲಿ ಎಂದು ಕುತ್ತಿಗೆಗೆ ಪ್ಲಾಸ್ಟಿಕ್ ಕಾಲರ್ ಹಾಕಿ ಕಳಿಸಿದ್ದರು. ಹತ್ತು ಹದಿನಾಲ್ಕು ದಿನ ತೆಗೆಯಬಾರದು, ಹಾರಲಿಕ್ಕೆ ಬಿಡಬಾರದು. ಕಾಲರಿನಿಂದ ಹೊರಗೆ ಬರಲು ಬೂತಾಯಿ ಹಿಂದೆ ಹಿಂದೆ ನಡೆದು ಮನೆ ಪೂರ್ತಿ ಸುತ್ತಿದಳು. ಬಾಗಿಲಿನ ದಾರಂದಕ್ಕೆ ಹೊಡೆದುಕೊಂಡಳು. ಅಷ್ಟರಲ್ಲಿ ರಸ್ತೆಯಲ್ಲಿ "ಬೂತಾಯಿ" ಎಂಬ ಕೂಗು. ಎಲ್ಲಿತ್ತೋ ಶಕ್ತಿ, ಬಾಗಿಲ ಪರದೆ ಸರಿಸಿಕೊಂಡು, ಯಕ್ಷಗಾನದಲ್ಲಿ ಕೇಸರಿತಟ್ಟಿ ಕಟ್ಟಿದ ಬಣ್ಣದ ವೇಷ ರಂಗಸ್ಥಳಕ್ಕೆ ನುಗ್ಗಿದ ಹಾಗೆ ಹೊರಗೆ ನುಗ್ಗಿ ಗೇಟಿನ ಸರಳಿಗೆ ಸಿಕ್ಕಿಬಿದ್ದಳು. ಮೀನಿನ ಅಕ್ಕ ಬುಟ್ಟಿ ಇಳಿಸಿ, "ಇದೆಂತ ಮಾರ್ರೆ, ನಿಮ್ಮಲ್ಲಿ ಇವತ್ತು ಆಟ ಉಂಟಾ?" ಎಂದು ಕೇಳಿದರು. ಇನ್ನು ನಮ್ಮ ಗೇಟಿನ ಹತ್ತಿರ ಕೂಗಬೇಡಿ ಎಂದು ಬೇಡಿಕೊಂಡೆವು. ಅವರು ಪಾಪ ಇಡೀ ಓಣಿಯಲ್ಲೇ ಕೂಗುವುದು ನಿಲ್ಲಿಸಿದರು. ಓಣಿಯ ಜನಕ್ಕೆ ಮೀನು ತಪ್ಪಿತು, ಬೈಗುಳ ನಮಗೆ ಬಂತು.

ಮಾತ್ರೆ ನುಂಗಿಸುವ ಕೆಲಸ ಅಮ್ಮನಿಗೆ ಮತ್ತು ನನಗೆ. ಬೈರಾಸಿನಲ್ಲಿ ಸುತ್ತಿ, ತಲೆ ಮಾತ್ರ ಹೊರಗೆ ಬಿಟ್ಟು, ನಾಲಗೆಯ ಬುಡಕ್ಕೆ ಮಾತ್ರೆ ಇಟ್ಟು, ಸೂಜಿಯಿಲ್ಲದ ಸಿರಿಂಜಿನಿಂದ ಸ್ವಲ್ಪ ನೀರು ಬಿಡಬೇಕು. ನುಂಗಿದಳು. ನಮಗೆ ಹೆಮ್ಮೆಯಾಯಿತು. ಮರುದಿನ ಗುಡಿಸುವಾಗ ಮಾತ್ರೆ ಅಪ್ಪನ ಚಪ್ಪಲಿಯೊಳಗೆ ಸಿಕ್ಕಿತು. ಇನ್ನೊಂದು ಸಲ ಅದು ಬಾಯಲ್ಲೇ ಕರಗಿ ಬಾಯಿ ತುಂಬಾ ನೊರೆ. ಕಹಿ ತಾಗಿದರೆ ಬೆಕ್ಕಿಗೆ ಹಾಗಾಗುತ್ತದೆ, ಗಾಬರಿಯಿಲ್ಲ. ಅದನ್ನು ಹೇಳುವಷ್ಟರಲ್ಲಿ ಅಜ್ಜಿ "ಹುಚ್ಚು ಹಿಡಿಯಿತು" ಎಂದು ಹಿಡಿಸೂಡಿ ಸಮೇತ ಬೆಂಚಿನ ಮೇಲೆ ಹತ್ತಿಯಾಗಿತ್ತು. ಮಂಡಿನೋವು ಅಂತ ಆಟಿ ಅಮಾವಾಸ್ಯೆಯಂದು ಕುಡಿಯುವ ಪಾಲೆ ಮರದ ತೊಗಟೆಯ ಕಷಾಯಕ್ಕೂ ಮಂಚದಿಂದ ಇಳಿಯದವರು.

ನಿಜವಾದ ಕಷ್ಟ ಊಟದ್ದು. ಮೊಸರನ್ನ ಮೂಸಲೂ ಇಲ್ಲ. ಬಾಯಮ್ಮನೇ ಉಪ್ಪು, ಮೆಣಸು, ನೀರುಳ್ಳಿ ಏನೂ ಇಲ್ಲದೆ ಬೂತಾಯಿ ಬೇಯಿಸಿ ಗೋಡೆಯ ಮೇಲಿಂದ ಕೊಟ್ಟರು. ಮೀನು ಹೊಸ್ತಿಲು ದಾಟಬಾರದು ಎಂದು ಅಮ್ಮ. ಬೆಕ್ಕು ಮಳೆಗೆ ಹೊರಗೆ ಹೋಗಬಾರದು ಎಂದು ಡಾಕ್ಟರು. ಕೊನೆಗೆ ಬೂತಾಯಿ ಹೊಸ್ತಿಲ ಒಳಗೆ, ತಟ್ಟೆ ಹೊರಗೆ, ಕಾಲರ್ ನಡುವೆ. ಮುಳ್ಳು ಬಿಡಿಸುವ ಕೆಲಸ ಯಾರದ್ದು ಎಂದು ಒಬ್ಬರ ಮುಖ ಒಬ್ಬರು ನೋಡಿದೆವು. ಮೂಗಿಗೆ ಸೆರಗು ಕಟ್ಟಿಕೊಂಡು ಕೂತದ್ದು ಅಮ್ಮನೇ.

ಜೂನ್ 1ರಿಂದ ಜುಲೈ 31ರವರೆಗೆ ಟ್ರಾಲ್ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ನಾಡದೋಣಿಯವರು ತಂದರೆ ಉಂಟು, ಇಲ್ಲದಿದ್ದರೆ ಇಲ್ಲ. ಹುಟ್ಟಿದಂದಿನಿಂದ ಮೀನಿನ ರೇಟು ಕೇಳದ ಅಮ್ಮ ಈಗ ಬೆಳಿಗ್ಗೆ ಎದ್ದು ಗೋಡೆಯ ಹತ್ತಿರ ನಿಂತು "ದಕ್ಕೆಗೆ ದೋಣಿ ಬಂದಿದೆಯಂತಾ?" ಎಂದು ಕೇಳತೊಡಗಿದರು. ಬಾಯಮ್ಮ ದುಡ್ಡು ಮುಟ್ಟಲಿಲ್ಲ. ಆ ಕಡೆಯಿಂದ ಬೂತಾಯಿ, ಈ ಕಡೆಯಿಂದ ಪತ್ರೊಡೆ.

ಈ ನಡುವೆ ಅಜ್ಜಿ ಫೋನಿನಲ್ಲಿ ಪುತ್ತೂರಿನ ಚಿಕ್ಕಮ್ಮನಿಗೆ "ಬಾಣಂತನದ ಗಡಿಬಿಡಿ, ಮಾತಾಡ್ಲಿಕ್ಕೆ ಪುರುಸೊತ್ತಿಲ್ಲ" ಎಂದು ಹೇಳಿ ಇಟ್ಟಿದ್ದರು. ಯಾರದ್ದು ಎಂದು ಹೇಳಲಿಲ್ಲ. ಚಿಕ್ಕಮ್ಮ ಮೊದಲ ಬಸ್ಸಿಗೇ ಹೊರಟು ಬಂದರು. ನಮಗೆ ಹೇಳಲೇ ಇಲ್ಲವಲ್ಲ ಎಂದು ಮುಖ ಊದಿಸಿಕೊಂಡೇ ಕೋಣೆಗೆ ಹೋದರು. ಸೀರೆಯ ಮೇಲೆ ಕಾಲರ್ ಹಾಕಿಕೊಂಡು ಮಲಗಿದ್ದ ಬಾಣಂತಿಯನ್ನು ನೋಡಿದರು. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ತಂದದ್ದನ್ನು ವಾಪಸ್ ತೆಗೆದುಕೊಂಡು ಹೋಗುವ ಕ್ರಮ ಇಲ್ಲ" ಎಂದು ಚೀಲದಿಂದ ಹೂವಿನ ಚಿತ್ರದ, ಎಳೆಮಗುವಿಗೆ ಹಾಕುವ ಒಂದು ಜಬಲ ತೆಗೆದರು.

ಕಾಲರಿಗೆ ಒಗ್ಗದ ಬೆಕ್ಕಿಗೆ ಹೊಟ್ಟೆ ಮುಚ್ಚುವ ಅಂಗಿ ಹಾಕುವ ಕ್ರಮವೂ ಇದೆ. ಡಾಕ್ಟರಿಗೆ ಫೋನ್ ಮಾಡಿದೆ. ಹಾಕಿ, ಒದ್ದೆಯಾಗಬಾರದು, ದಿನಕ್ಕೆರಡು ಸಲ ಹೊಲಿಗೆ ನೋಡಿ ಎಂದರು. ಜಬಲ ಹಾಕಿದ ಕೂಡಲೇ ಬೂತಾಯಿ ಕಟ್ಟಿಗೆಯಾಗಿ ಪಕ್ಕಕ್ಕೆ ಉರುಳಿದಳು. ಅಜ್ಜಿ ಅಳಲು ಶುರು ಮಾಡಿದರು. ಬಟ್ಟೆ ತಾಗಿದರೆ ಬೆಕ್ಕುಗಳು ಹೀಗೆ ನಾಟಕ ಮಾಡುವುದುಂಟು. ಗೋಡೆಯಾಚೆ ಮೀನಿನ ವಾಸನೆ ಬಂದಾಗ ತಾನಾಗಿಯೇ ಎದ್ದಳು. ಆಮೇಲೆ ಮರಳಿನ ಬದಲು ಚೂರು ಪೇಪರ್ ಹಾಕಿದ ಟ್ರೇಗೆ ಅವಳು ಹೋದಾಗಲೆಲ್ಲ ಜಬಲದ ಹಿಂಬದಿ ಎತ್ತಿ ಹಿಡಿಯಲು ಒಬ್ಬರು ಬೇಕಾಯಿತು. ಅಪ್ಪ ರಿಟೈರ್ ಆದವರು, ಅವರಿಗೇ ಬಿತ್ತು.

ಹೊಲಿಗೆ ಬಿಚ್ಚುವ ದಿನ ಡಾಕ್ಟರು ಗಾಯ ನೋಡಿ ಖುಷಿಪಟ್ಟರು. ತೂಕ ನೋಡಿ ಖುಷಿಪಡಲಿಲ್ಲ. ಈ ಆಪರೇಷನ್ ಆದ ಬೆಕ್ಕಿಗೆ ಊಟ ಸ್ವಲ್ಪ ಕಡಿಮೆಯೇ ಸಾಕು, ಇಲ್ಲದಿದ್ದರೆ ಬೊಜ್ಜು ಬರುತ್ತದೆ ಎಂದರು. ಅಮ್ಮ ಮನೆಗೆ ಬಂದವರೇ ಗೋಡೆಯ ಹತ್ತಿರ ಹೋಗಿ ಬಾಯಮ್ಮನಿಗೆ ಹಾಗೆಯೇ ಹೇಳಿದರು. ಬಾಯಮ್ಮ ತಟ್ಟೆ ಕೆಳಗಿಡಲಿಲ್ಲ.

"ಆ ಡಾಕ್ಟ್ರಿಗೆ ಎಂತ ಗೊತ್ತುಂಟು ಮಾರಾಯ್ರೆ? ಬಾಣಂತಿಗೆ ಊಟ ಕಮ್ಮಿ ಮಾಡ್ಲಿಕ್ಕುಂಟಾ?"