ಚಳಿಗಾಲದ ಯುಕೆಜಿಗೆ ಆಟದ ಮೂಲೆಗಳು ಬೇಕೇ?

ಪರ: ಪೆನ್ಸಿಲ್ ಆಮೇಲೆ ಹಿಡಿಯಲಿ
(ಬರೆದವರು: ಸೋಮವಾರಪೇಟೆ ಕಡೆಯ ಯುಕೆಜಿ ಶಿಕ್ಷಕಿ)

ಚಳಿಗೆ ಮರಗಟ್ಟಿದ ಪುಟ್ಟ ಬೆರಳಿಗೆ ಪೆನ್ಸಿಲ್ ಕೊಟ್ಟು 'ಅ' ತಿದ್ದು ಅನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಅದೇ ಕೈಗೆ ಜೇಡಿಮಣ್ಣು ಕೊಡಿ, ಮರದ ತುಂಡು ಕೊಡಿ. ಆಟದ ಮೂಲೆ ಅಂದರೆ ಇದೇ, ತರಗತಿಯ ಒಂದೊಂದು ಮೂಲೆಯಲ್ಲಿ ಒಂದೊಂದು ಬಗೆಯ ಆಟದ ಸಾಮಾನು. ಸ್ವಲ್ಪ ಹೊತ್ತಿಗೆ ಬೆರಳೂ ಬೆಚ್ಚಗಾಗುತ್ತದೆ, ಮಾತೂ ಶುರುವಾಗುತ್ತದೆ.

ಕೊಡಗಿನ ಲೆಕ್ಕವೇ ಬೇರೆ ಅಲ್ವಾ? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಸುರಿದು ಮಕ್ಕಳು ಒಳಗೇ ಇರುತ್ತಾರೆ. ನಮ್ಮ ಸುಗ್ಗಿ ಹಬ್ಬ ಪುತ್ತರಿ ಕಳೆದ ಮೇಲೆ ಬೆಳಿಗ್ಗೆ ಮಂಜಿದ್ದರೂ ಹತ್ತೂವರೆ ಹೊತ್ತಿಗೆ ಒಳ್ಳೆ ಬಿಸಿಲು. ಜಮಖಾನ ಹೊರಗೆ ಹಾಸಿ, ಮೂಲೆಗಳನ್ನೆಲ್ಲ ಅಂಗಳಕ್ಕೇ ತಂದರಾಯಿತು. ಸಾಮಾನಿಗೆ ದುಡ್ಡೂ ಬೇಡ. ಕಿತ್ತಳೆ ಸಿಪ್ಪೆ, ಸಿಲ್ವರ್ ಓಕ್ ಎಲೆ, ಕಾಫಿ ಬೀಜ, ಇಷ್ಟು ಸಾಕು.

ನಮ್ಮ ತರಗತಿಯಲ್ಲಿ ಅಂಗಡಿ ಮೂಲೆ ಒಂದಿತ್ತು. ಕೊಯ್ಲು ಶುರುವಾದದ್ದೇ ಮಕ್ಕಳು ಅದನ್ನು ತಾವಾಗಿಯೇ ಕಾಫಿ ಕಣ ಮಾಡಿಬಿಟ್ಟರು. ಅಸ್ಸಾಂನಿಂದ ತೋಟದ ಕೆಲಸಕ್ಕೆ ಬಂದವರ ಮಗನೊಬ್ಬ ಅಲ್ಲಿಯವರೆಗೆ ಕನ್ನಡದಲ್ಲಿ ತುಟಿಪಿಟಕ್ ಅಂದಿರಲಿಲ್ಲ. ಸೀದಾ ಹೋಗಿ, ತೋಟದ ಲೆಕ್ಕ ಬರೆಯುವ ರೈಟರ್ ಕುರ್ಚಿಯಲ್ಲಿ ಕೂತ. ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡ. ಒಬ್ಬೊಬ್ಬರ ಚೀಲ ಎತ್ತಿ ನೋಡಿ "ಇಪ್ಪತ್ತು ಕಿಲೋ!" ಅಂತ ಕೂಗಿ ಪುಸ್ತಕದಲ್ಲಿ ಗೀಚಿದ. ಒಬ್ಬಳು "ಏಯ್, ನಂದು ಇಪ್ಪತ್ತೈದು" ಅಂತ ಜಗಳಕ್ಕೆ ಬಂದಳು. "ಕಾಯಿ ಜಾಸ್ತಿ ಇದೆ, ಕಟ್!" ಅಂದ. ಅವನ ಅಮ್ಮ ದಿನಾ ಕೇಳಿಸಿಕೊಳ್ಳುವ ಮಾತೇ ಇರಬೇಕು. ಆ ಗೀಚು ಸುಮ್ನೆ ಗೀಚಲ್ಲ. ಒಬ್ಬರಿಗೆ ಒಂದು ಸಾಲು, ಎಡದಿಂದ ಬಲಕ್ಕೆ. ಬರವಣಿಗೆ ಹುಟ್ಟುವುದೇ ಹೀಗೆ. ಕಾಪಿ ಪುಸ್ತಕ ಇದನ್ನು ಕಲಿಸುತ್ತದೆಯೇ?

ಇದು ನನ್ನೊಬ್ಬಳ ಹುಚ್ಚಲ್ಲ. ಪಕ್ಕದ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ, ಆಡುತ್ತಾ ಕಲಿಯುವ ನಲಿ-ಕಲಿ ಪದ್ಧತಿ ಶುರುವಾಗಿದ್ದು 1995ರಲ್ಲಿ. 2022ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಂತೂ 3ರಿಂದ 6 ವರ್ಷದವರಿಗೆ ಪಠ್ಯಪುಸ್ತಕವೇ ಬೇಡ ಅನ್ನುತ್ತದೆ.

ನೆಗಡಿ ಬರುತ್ತೆ ಅಂತೀರಾ? ಬೆಂಚಿನ ಮೇಲೆ ಕೈಕಟ್ಟಿ ಕೂತರೂ ಬರುತ್ತದೆ. ಇನ್ನು ಒಂದನೇ ಕ್ಲಾಸಿನ ಸೀಟಿನ ಚಿಂತೆ. ಹಾಲುಹಲ್ಲು ಬೀಳುವ ಮೊದಲೇ ಮಗುವನ್ನು ಡಿಸಿ ಮಾಡಬೇಕು ಅನ್ನುವವರ ಹತ್ತಿರ ನನಗೆ ಮಾತಿಲ್ಲ.

ವಿರೋಧ: ಮೂಲೆ ಐದು, ಮಿಸ್ ಒಬ್ಬರೇ
(ಬರೆದವರು: ಮಡಿಕೇರಿಯ ಯುಕೆಜಿ ಮಗುವಿನ ಅಪ್ಪ)

ವಿರೋಧ ಬರೆಯಿರಿ ಅಂದರು, ಬರೆಯುತ್ತಿದ್ದೇನೆ. ಮಕ್ಕಳು ಆಡಬಾರದು ಅಂತ ನಾನೇನೂ ಹೇಳುವುದಿಲ್ಲ. ಆದರೆ ಆಟದಿಂದಲೇ ಎಲ್ಲ ಬರುವುದಾದರೆ ಪಕ್ಕದ ಮನೆಯ ನಾಯಿಮರಿ ಇಷ್ಟೊತ್ತಿಗೆ ಎಸ್ಸೆಸ್ಸೆಲ್ಸಿ ಪಾಸಾಗಬೇಕಿತ್ತು.

ಮಡಿಕೇರಿ ಇರುವುದು ಸುಮಾರು 1,150 ಮೀಟರ್ ಎತ್ತರದಲ್ಲಿ. ಜನವರಿ ಬೆಳಿಗ್ಗೆ ಸಿಮೆಂಟ್ ನೆಲಕ್ಕೆ ಕಾಲಿಟ್ಟರೆ ದೊಡ್ಡವರಿಗೇ ಜುಮ್ಮೆನ್ನುತ್ತದೆ. ಅಲ್ಲಿ ನೀರಿನ ಮೂಲೆ ಬೇರೆ! ಮಗಳು ಸ್ವೆಟರ್ ತೋಳನ್ನು ಮೊಣಕೈವರೆಗೆ ಒದ್ದೆ ಮಾಡಿಕೊಂಡು ಬರುತ್ತಾಳೆ. ಉಣ್ಣೆ ಬೇಗ ಒಣಗುವುದಿಲ್ಲ. ಬಚ್ಚಲ ಒಲೆ ಹತ್ತಿರ ನೇತುಹಾಕಿದರೆ ಹೊಗೆ ವಾಸನೆ, ಅವಳು ಮುಟ್ಟುವುದಿಲ್ಲ. ಒಮ್ಮೆ ಇಸ್ತ್ರಿಪೆಟ್ಟಿಗೆಯಲ್ಲಿ ಒಣಗಿಸಲು ಹೋಗಿ ಒಂದು ತೋಳು ಸುಟ್ಟೇ ಹೋಯಿತು. ನಮ್ಮತ್ತೆ ಕೈಯಾರೆ ಹೆಣೆದ ಸ್ವೆಟರ್. ಅವರು ಕೆಂಪು ಉಣ್ಣೆ ಹುಡುಕಿಕೊಂಡು ಕುಶಾಲನಗರದವರೆಗೂ ಹೋಗಿಬಂದರು, ಅದೇ ಬಣ್ಣ ಸಿಗಲಿಲ್ಲ. ಈಗ ಒಂದು ತೋಳು ಕೆಂಪು, ಇನ್ನೊಂದು ಕುಂಕುಮದ ಬಣ್ಣ. ಮನೆಯಲ್ಲಿ ಆ ವಿಚಾರಣೆ ಇನ್ನೂ ಮುಗಿದಿಲ್ಲ.

ಇರಲಿ, ವಿಷಯಕ್ಕೆ ಬರೋಣ. ಐದು ಮೂಲೆಗೆ ಒಬ್ಬರು ಮಿಸ್, ಒಬ್ಬರು ಆಯಾ. ಜೋರಿನ ಮಕ್ಕಳು ಬ್ಲಾಕ್ಸ್ ಹಿಡಿದರೆ ಬಿಡುವುದಿಲ್ಲ. ಮೆತ್ತಗಿನ ಮಗು ಗೋಡೆಗೊರಗಿ ನಿಂತಿರುತ್ತದೆ. ಮೂಗು ಸೋರುವವನ ಗೊಂಬೆ ಎಲ್ಲರ ಕೈಗೂ ಹೋಗುತ್ತದೆ. ಇನ್ನು ಒಂದನೇ ತರಗತಿ ಸೀಟಿಗೆ ಹೋದರೆ "ಮನೆ ಕಟ್ಟು" ಅನ್ನುವುದಿಲ್ಲ, "ಎಬಿಸಿಡಿ ಬರಿ" ಅನ್ನುತ್ತಾರೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಇಂಥ ಪರೀಕ್ಷೆ ಕೂಡದು ಅಂದಿದೆ, ಗೊತ್ತು. ಕೇಳುವವರು ಕೇಳುತ್ತಲೇ ಇದ್ದಾರಲ್ಲ.

ಬೆಳಿಗ್ಗೆ ಒಂದು ಗಂಟೆ ಚಾಪೆ ಹಾಸಿ, ಬಾಗಿಲು ಹಾಕಿ ಅಕ್ಷರ ತಿದ್ದಿಸಲಿ. ಬಿಸಿಲು ಬಂದ ಮೇಲೆ ಬ್ಲಾಕ್ಸ್ ತೆಗೆದರೆ ನನ್ನದೇನೂ ತಕರಾರಿಲ್ಲ. ನೀರಿನ ಟಬ್ ಮಾತ್ರ ಮಾರ್ಚ್‌ವರೆಗೆ ಮಗುಚಿ ಇಡಲಿ.