ಎರಡು ಸಲ ಬಿಚ್ಚಿದ ಬಂಪರ್

ಮಡಿಕೇರಿಯ ಮಳೆಗಾಲದ ಮಂಜಿನಲ್ಲಿ ಮೋರಿಯ ಕಟ್ಟೆಯೊಂದು ಬಂದು ನನ್ನ ಕಾರಿಗೆ ಗುದ್ದಿತು. ವಿಮೆಯ ಅರ್ಜಿಯಲ್ಲಿ ಹೀಗೆ ಬರೆಯಲು ಬಿಡಲಿಲ್ಲ.

ಕಾರು ಗ್ಯಾರೇಜಿನಲ್ಲಿ 11 ದಿನ ಕೂತಿತು. ಬಿಲ್ಲಿನ ಪ್ರಕಾರ ಕೆಲಸ ನಡೆದದ್ದು ಹದಿನಾರೂವರೆ ಗಂಟೆ. ಆ ಅರ್ಧ ಗಂಟೆಯ ಪ್ರಾಮಾಣಿಕತೆ ನನಗೆ ಬಹಳ ಹಿಡಿಸಿತು.

"ಇದು ಗಡಿಯಾರದ ಗಂಟೆಯಲ್ಲ ಸಾರ್, ಪುಸ್ತಕದ ಗಂಟೆ" ಎಂದರು ಸೂಪರ್‌ವೈಸರ್. ಯಾವುದನ್ನು ಬಿಚ್ಚಲು ಎಷ್ಟು ಹೊತ್ತು ಎಂದು ಮೊದಲೇ ಗೊತ್ತುಮಾಡಿರುತ್ತಾರೆ. ಅದನ್ನು ದರದಿಂದ ಗುಣಿಸಿದರೆ ಕೂಲಿ. ಪುಸ್ತಕದ ಬೋಲ್ಟಿಗೆ ತುಕ್ಕು ಹಿಡಿಯುವುದಿಲ್ಲ. ನಮ್ಮ ಮಳೆ ಕುಡಿದ ಒಂದೇ ಬೋಲ್ಟಿನ ಮುಂದೆ ಟಿಂಕರ್ ಕೆಲಸದ ಹುಡುಗ ಎಣ್ಣೆ ಬಿಟ್ಟು, ತಟ್ಟಿ, ಮತ್ತೆ ಎಣ್ಣೆ ಬಿಟ್ಟು, ಬೆಳಗಿನ ಕಾಫಿಯಿಂದ ಮಧ್ಯಾಹ್ನದ ಊಟದವರೆಗೆ ಕುಕ್ಕರುಗಾಲಿನಲ್ಲಿ ಕೂತದ್ದನ್ನು ನಾನೇ ನೋಡಿದ್ದೇನೆ. ಪುಸ್ತಕ ಅವನಿಗೆ ಕೊಟ್ಟದ್ದು 0.3 ಗಂಟೆ.

ಬೇರೆ ಕಡೆ ಇದೇ ಪುಸ್ತಕ ಕರ್ಣನ ಅವತಾರ. ನನ್ನ ಕಾರಿನ ಹೆಡ್‌ಲೈಟ್ ತೆಗೆಯಬೇಕಾದರೆ ಬಂಪರ್ ಬಿಚ್ಚಲೇಬೇಕು, ಆ ಹೊತ್ತು ಹೆಡ್‌ಲೈಟಿನ ಲೆಕ್ಕದಲ್ಲೇ ಸೇರಿತ್ತು. ಆದರೂ ಬಿಲ್ಲಿನಲ್ಲಿ ಬಂಪರ್ ಬೇರೆಯಾಗಿ ಇನ್ನೊಮ್ಮೆ ಬಿಚ್ಚಿಕೊಂಡಿತ್ತು. ಹೀಗೆ ಬಿಚ್ಚದೆಯೇ ಬಿಚ್ಚಿದ ಬಂಪರಿನ ಕೂಲಿಯ ಮೇಲೆ ಸರ್ಕಾರಕ್ಕೂ ಶೇಕಡ 18 ಜಿಎಸ್‌ಟಿ ಸಂದಿತು.

ಆಮೇಲೆ ನಷ್ಟ ಅಳೆಯುವ ವಿಮೆಯ ಸರ್ವೇಯರ್ ಬಂದು, ತೋಟದ ಮರದ ಕೊಂಬೆ ಸವರುವಂತೆ ಬಿಲ್ಲಿಗೆ ಮರಗಸಿ ಮಾಡಿದರು. ಪ್ಲಾಸ್ಟಿಕ್ ಎಂದರೆ ಅರ್ಧ ಸವಕಳಿ, ಅಂದರೆ ಸವೆದಿದೆಯೆಂದು ಅರ್ಧ ಬೆಲೆ ಕಡಿತ; ಕಾರಿನ ವಯಸ್ಸು ಕೇಳುವಂತಿಲ್ಲ. ಬಣ್ಣದ ಬಿಲ್ಲನ್ನು ಸಾಮಗ್ರಿ ಇಷ್ಟು, ಕೂಲಿ ಇಷ್ಟು ಎಂದು ಬಿಡಿಸದೆ ಒಟ್ಟಾಗಿ ಕೊಟ್ಟರೆ ಇನ್ನೂ ಚೆಂದ: ಅದರಲ್ಲಿ ಶೇಕಡ 25 ಸಾಮಗ್ರಿ ಎಂದು ಹಿಡಿದು ಅದಕ್ಕೆ ಮಾತ್ರ ಸವಕಳಿ ಕಳೆಯುತ್ತಾರೆ. ಹಾಗಾದರೆ ಉಳಿದ ಮುಕ್ಕಾಲು ಪಾಲು ಬಣ್ಣ ಬಳಿದ ಕೈಯದು! ಆ ಕೈಯನ್ನು ನೋಡಲೇಬೇಕೆಂದು ಶೆಡ್ಡಿನ ಹಿಂದಕ್ಕೆ ಹೋದೆ. ಉಗುರಿನ ಸಂದಿಯಲ್ಲಿ ಪುಟ್ಟಿ, ಬೆರಳ ತುದಿ ಉಜ್ಜುಕಾಗದಕ್ಕೆ ಸವೆದು ನುಣುಪು. ಇದಕ್ಕೆ ಸವಕಳಿಯ ಕಾಲಂ ಇಲ್ಲ. ಬಣ್ಣ ಬಳಿಯುವವನಿಗೆ ತಿಂಗಳ ಸಂಬಳವಂತೆ.

ಕಾಫಿ ತೋಟದಲ್ಲಿ ಹಣ್ಣು ಕುಯ್ಯುವವರಿಗೆ ಕೆಜಿ ಲೆಕ್ಕ. ತೂಗುವಾಗ ಮುಳ್ಳು ಎಲ್ಲಿ ನಿಂತಿತೆಂದು ಅವರೇ ಬಗ್ಗಿ ನೋಡುತ್ತಾರೆ. ಇವನು ಬಿಲ್ಲನ್ನೇ ಕಂಡವನಲ್ಲ.

"ನನ್ನ ಕೆಲಸಕ್ಕೆ ಎಷ್ಟು ಹಾಕಿದ್ದಾರೆ ಸಾರ್?" ಎಂದು ಕೇಳಿದ.

"ಆರು ಗಂಟೆ."

ಅವನು ಬೆರಳು ಮಡಚಿ ಎಣಿಸಿದ. "ಪ್ರೈಮರ್ ಒಣಗಲಿ ಎಂದು ಎರಡು ದಿನ ಕಾದಿದ್ದೇನೆ. ಮತ್ತೆ ಮೂರು ದಿನ ಕರೆಂಟೇ ಇರಲಿಲ್ಲವಲ್ಲ ಸಾರ್?"