ಸೆರಗಿನ ಗಂಟು

ನಮ್ಮ ಅತ್ತಿಗೆ ಮೂರು ವರ್ಷದಿಂದ ರಾತ್ರಿ ತಮ್ಮ ಸೆರಗಿನ ತುದಿಯನ್ನು ಅವ್ವನ ಸೆರಗಿಗೆ ಗಂಟು ಹಾಕಿಕೊಂಡು ಮಲಗುತ್ತಾರೆ. ಅವ್ವ ಎದ್ದರೆ ಎಚ್ಚರವಾಗಲಿ ಅಂತ. ಮಂಡ್ಯದ ಹತ್ತಿರ ನಮ್ಮೂರು. ಮನೆ ದಾಟಿದರೆ ಕಬ್ಬಿನ ಗದ್ದೆ, ಅದರಾಚೆ ವಿಸಿ ನಾಲೆ. ಅವ್ವನಿಗೆ ಡಿಮೆನ್ಷಿಯಾ, ನೆನಪು, ಅರಿವು ಕುಂದುತ್ತಾ ಹೋಗುವ ಕಾಯಿಲೆ. ಅಪ್ಪ ಇನ್ನೂ ಆಲೆಮನೆಯಿಂದ ಬಂದಿಲ್ಲ ಅಂತ ನಡುರಾತ್ರಿ ಹುಡುಕಿಕೊಂಡು ಹೊರಡುತ್ತಾಳೆ. ಅಪ್ಪ ಹೋಗಿ 11 ವರ್ಷವಾಯಿತು.

ನಾನಿರುವುದು ಟೋಕಿಯೊದಲ್ಲಿ. ತಿಂಗಳು ತಿಂಗಳು ದುಡ್ಡು ಕಳಿಸುತ್ತೇನೆ. ಹೋದ ಸಲ ಫೋನಿನಲ್ಲಿ "ಇನ್ನೇನಾದರೂ ಬೇಕಾ ಅತ್ತಿಗೆ?" ಅಂದೆ. "ದುಡ್ಡು ಐತೆ ಕಣಪ್ಪ. ನೀನೇ ಬಂದು ಎರಡ್ ದಿನ ಅವ್ವನ ಪಕ್ಕ ಮಲಿಕೊ. ನಾನು ನಮ್ಮವ್ವನ ಮನೇಲಿ ನಿದ್ದೆ ಮಾಡ್ಕೊಂಡ್ ಬತ್ತೀನಿ" ಅಂದರು. ಅವತ್ತಿನಿಂದ ನನಗೂ ಸರಿಯಾಗಿ ನಿದ್ದೆ ಬಂದಿಲ್ಲ.

ಇಲ್ಲಿ ನಮ್ಮ ಕಟ್ಟಡದಲ್ಲೇ ಒಬ್ಬ ಅಜ್ಜಿಗೆ ಇದೇ ಕಾಯಿಲೆ. ಬೆಳಿಗ್ಗೆ ಒಂದು ವ್ಯಾನ್ ಬಂದು ಕರೆದುಕೊಂಡು ಹೋಗುತ್ತದೆ. ಅಲ್ಲೇ ಸ್ನಾನ, ಊಟ, ಹಾಡು. ಸಂಜೆ ತಂದು ಬಿಡುತ್ತಾರೆ. ಅಷ್ಟು ಹೊತ್ತು ಮಗಳು ಕೆಲಸಕ್ಕೆ ಹೋಗುತ್ತಾರೆ. ತೀರಾ ಸುಸ್ತಾದಾಗ ಅಜ್ಜಿಯನ್ನು ಕೆಲವು ರಾತ್ರಿ ಬೇರೆ ಕಡೆ ಬಿಡುವುದಕ್ಕೂ ಅವಕಾಶ ಇದೆ. ಇದೆಲ್ಲ 2000ರಲ್ಲಿ ಬಂದ ಆರೈಕೆ ವಿಮೆಯಿಂದ. 40 ದಾಟಿದವರೆಲ್ಲ ಕಂತು ಕಟ್ಟಬೇಕು, ನಾನೂ ಕಟ್ಟುತ್ತೇನೆ. ಬಳಸುವಾಗ ಹೆಚ್ಚಿನವರು ಖರ್ಚಿನ ಹತ್ತರಲ್ಲಿ ಒಂದು ಪಾಲು ಕೊಟ್ಟರೆ ಸಾಕು.

2004ರಲ್ಲಿ ಜಪಾನ್ ಸರ್ಕಾರ ಕಾಯಿಲೆಯ ಹೆಸರನ್ನೇ ಬದಲಿಸಿತು. ಹಳೆಯ 'ಚಿಹೋ' ಅನ್ನುವ ಮಾತಿನಲ್ಲಿ ಪೆದ್ದುತನದ ಅರ್ಥವಿತ್ತು. ಈಗ 'ನಿನ್ಚಿಶೋ', ಅಂದರೆ ಅರಿವಿನ ಕಾಯಿಲೆ. ನಾವು 'ಅರವತ್ತಕ್ಕೆ ಅರಳುಮರಳು' ಅಂದುಬಿಡುತ್ತೇವೆ. ವಯಸ್ಸಾದ ಮೇಲೆ ಇದ್ದದ್ದೇ ಅಲ್ವಾ ಅಂತ ನಮ್ಮ ಮನೆಯಲ್ಲೂ ಎರಡು ವರ್ಷ ಡಾಕ್ಟರ ಹತ್ತಿರ ಹೋಗಲಿಲ್ಲ. ಅದನ್ನು ಕಾಯಿಲೆ ಅಂತಲೇ ಒಪ್ಪದಿದ್ದರೆ, ನೋಡಿಕೊಳ್ಳುವವರ ಕಷ್ಟವನ್ನು ಯಾರು ಕಷ್ಟ ಅಂತಾರೆ? ಸೊಸೆ ಮಾಡಬೇಕಾದ ಕೆಲಸ, ಅಷ್ಟೇ. 2023ರಲ್ಲಿ ಬಂದ ಅಂದಾಜಿನಂತೆ ಭಾರತದಲ್ಲಿ 60 ದಾಟಿದ 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆ. ಅಷ್ಟು ಮನೆಗಳಲ್ಲಿ ಎಷ್ಟು ಅತ್ತಿಗೆಯಂದಿರೋ.

ಜಪಾನಿನಲ್ಲಿ ಎಲ್ಲ ಸರಿ ಇದೆ ಅಂತಲ್ಲ. ಮನೆಯವರನ್ನು ನೋಡಿಕೊಳ್ಳಲು ವರ್ಷಕ್ಕೆ ಸುಮಾರು 1 ಲಕ್ಷ ಜನ ಕೆಲಸ ಬಿಡುತ್ತಾರೆ. ನಮ್ಮ ಕಟ್ಟಡದ ಅಜ್ಜಿಯನ್ನು ನಿಂತು ಮಾತಾಡಿಸುವವರೂ ಕಡಿಮೆ. ನಮ್ಮೂರಲ್ಲಿ ಅವ್ವ ಹಗಲು ದಾರಿ ತಪ್ಪಿದರೆ ಟೀ ಅಂಗಡಿಯವರೇ ಕೂರಿಸಿ, ಟೀ ಕುಡಿಸಿ, ಮನೆಗೆ ಬಿಟ್ಟು ಹೋಗುತ್ತಾರೆ. ಇಲ್ಲಿ 2005ರಿಂದ ಅಂಗಡಿಯವರಿಗೆ, ಬ್ಯಾಂಕಿನವರಿಗೆ, ಶಾಲೆ ಮಕ್ಕಳಿಗೆ ಸುಮಾರು ಒಂದೂವರೆ ಗಂಟೆಯ ತರಗತಿ ಮಾಡಿ ಇದನ್ನೇ ಕಲಿಸುತ್ತಿದ್ದಾರೆ. ಒಂದು ಕೋಟಿಗಿಂತ ಜಾಸ್ತಿ ಜನ ಕಲಿತಿದ್ದಾರೆ. ನಮಗೆ ಜನ ಇದ್ದಾರೆ. ಬೆಳಿಗ್ಗೆ ಬರುವ ಆ ವ್ಯಾನ್ ಇಲ್ಲ.

ಅದಕ್ಕೆಲ್ಲ ಜಪಾನಿನಷ್ಟು ದುಡ್ಡು ಬೇಕಲ್ಲ ಅನ್ನಬಹುದು. ಗೋವಾದಲ್ಲಿ 81 ಕುಟುಂಬಗಳ ಜೊತೆ ಒಂದು ಅಧ್ಯಯನ ಮಾಡಿದರು, 2008ರಲ್ಲಿ ಪ್ರಕಟವಾಯಿತು. ಅಲ್ಲಿನವರಿಗೇ ತರಬೇತಿ ಕೊಟ್ಟು ಮನೆಗೆ ಕಳಿಸಿದರು. ಕಾಯಿಲೆ ಏನು, ರೋಗಿ ಸಿಟ್ಟಾದಾಗ ಏನು ಮಾಡಬೇಕು ಅಂತ ಕೂತು ಹೇಳಿಕೊಟ್ಟರು. 6 ತಿಂಗಳಲ್ಲಿ ನೋಡಿಕೊಳ್ಳುವವರ ಮನಸ್ಸಿನ ಭಾರ ಇಳಿದಿತ್ತು. ನಮ್ಮ ಆಶಾ ಕಾರ್ಯಕರ್ತೆಯರು ಇದನ್ನು ಚೆನ್ನಾಗಿ ಮಾಡಬಲ್ಲರು. ಆದರೆ ಸುಮ್ನೆ ಇನ್ನೊಂದು ಕೆಲಸ ಹೇರಬಾರದು, ಸರಿಯಾದ ಸಂಬಳ ಕೊಡಬೇಕು.

ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ ಬರೆದಿಟ್ಟಿದ್ದರು. ಆ ಮಕ್ಕಳಿಗೆ ವಯಸ್ಸಾದ ಮೇಲೆ ಅವರನ್ನು ಹುಡುಕಿ ನೆನಪಿನ ಶಕ್ತಿಯನ್ನು ಪರೀಕ್ಷಿಸಿದ್ದಾರೆ. ಅಂಥ ತಾಳ್ಮೆಯ ಸಂಶೋಧನೆ ನಮ್ಮ ಪಕ್ಕದಲ್ಲೇ ನಡೆದಿದೆ. ಅದೇ ತಾಳ್ಮೆಯಿಂದ ಸೊಸೆಯಂದಿರ ನಿದ್ದೆಯನ್ನೂ ಯಾರಾದರೂ ಲೆಕ್ಕ ಹಾಕಲಿ. ಮಕ್ಕಳಿಗೆ ಅಂಗನವಾಡಿ ಇರುವ ಹಾಗೆ ಹೋಬಳಿಗೊಂದು ಹಗಲು ಮನೆ ಆಗಲಿ.

ಅದು ಆಗುವ ತನಕ ರಾತ್ರಿ ಪಾಳಿ ಗಂಡುಮಕ್ಕಳಾದ ನಮ್ಮದೂ ಹೌದು. ಯುಗಾದಿಗೆ 15 ದಿನ ರಜೆ ಹಾಕಿದ್ದೇನೆ. ಅತ್ತಿಗೆ ಪಾಂಡವಪುರದ ತವರಿಗೆ ಹೋಗುತ್ತಾರೆ. ಗಂಟು ಹಾಕುವುದನ್ನು ನನಗೂ ಅಣ್ಣನಿಗೂ ತೋರಿಸಿ ಹೋಗಿ ಅಂದಿದ್ದೇನೆ. ತುಂಬಾ ಬಿಗಿಯಾಗಿ ಹಾಕಬಾರದಂತೆ. ಸೆರಗು ಯಾರೋ ಎಳೆದ ಹಾಗಾದರೆ ಅವ್ವ ಹೆದರಿಕೊಳ್ಳುತ್ತಾಳಂತೆ.